ಆಚಾರ್ರ ತಾಮ್ರದ ಗೆರೆಗಳು

ಆಚಾರ್ರು ತೀರಿಹೋದ ಸುದ್ದಿಯನ್ನು ಅವರ ತಮ್ಮ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರು. ಕಾರ್ಕಳದಲ್ಲಿ ಅಂಚೆಗೆ ಹಾಕಿದ ಆ ಕಾರ್ಡು ನನ್ನ ಹಳೆಯ ವಿಳಾಸಗಳನ್ನೆಲ್ಲ ಸುತ್ತಿ ಕೈಸೇರುವಷ್ಟರಲ್ಲಿ ಉತ್ತರಕ್ರಿಯೆಯೂ ಮುಗಿದಿತ್ತು. ಇದ್ದದ್ದು ನಾಲ್ಕೇ ಸಾಲು. ‘ಅಣ್ಣ ನಿಮ್ಮ ಸುದ್ದಿ ತೆಗೆಯದ ವಾರ ಇರಲಿಲ್ಲ’ ಎಂಬುದು ಕೊನೆಯದು. ಅವರ ನೆನಪು ತೆಗೆಯದೆ ನಾನು ಕಳೆದ ವಾರಗಳು ಬೇಕಾದಷ್ಟಿದ್ದವು.

ಅವರಿಗೂ ಒಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ದಿನವೂ ಅದನ್ನು ದುಂಡಗೆ ಬರೆಯುತ್ತಿದ್ದರು. ಆದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ನಮ್ಮ ಕಡೆಯಲ್ಲಿ ಅಕ್ಕಸಾಲಿಗರಿಗೂ ಬಡಗಿಗಳಿಗೂ ಆಚಾರ್ರು ಎನ್ನುವ ರೂಢಿ. ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಆಚಾರ್ರೇ. ಈ ಬರಹದಲ್ಲಿಯೂ ಹಾಗೆಯೇ ಇರಲಿ.

ಅರವತ್ತರ ದಶಕದ ನಡುವಿನ ಮಾತು. ಮಣಿಪಾಲದ ಗುಡ್ಡದ ಒಂದು ಬದಿಯಲ್ಲಿ ಆಗ ಒಂದು ಚಿಕ್ಕ ತಾಂತ್ರಿಕ ತರಬೇತಿ ಕೇಂದ್ರವಿತ್ತು. ಈಗ ಅದು ಇಲ್ಲ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಸಾಲಾಗಿ ನಾಲ್ಕು ಕೋಣೆ. ಅಲ್ಲಿ ರೇಡಿಯೋ ವಿದ್ಯೆ ಕಲಿಸುತ್ತಿದ್ದೆವು. ನಾನು ಎಲ್ಲೂರಿನವನು. ಇಂಜಿನಿಯರಿಂಗ್ ಪದವಿ ಮುಗಿಸಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅಲ್ಲಿ ಲೆಕ್ಚರರ್ ಆಗಿ ಸೇರಿದ್ದೆ. ಉಡುಪಿಯಲ್ಲಿ ಬಾಡಿಗೆ ಕೋಣೆ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ನನ್ನ ಬಗ್ಗೆ ನನಗೇ ತುಂಬ ಗೌರವವಿದ್ದ ಕಾಲವದು.

ಆಚಾರ್ರು ಬಂದದ್ದು ಅಟೆಂಡರ್ ಆಗಿ. ಬೆಳಿಗ್ಗೆ ಬಾಗಿಲು ಕಿಟಕಿ ತೆರೆಯುವುದು, ಹೂಜಿಗೆ ನೀರು ತುಂಬುವುದು, ಮೇಜು ಒರೆಸುವುದು, ಗಂಟೆ ಬಾರಿಸುವುದು ಅವರ ಕೆಲಸ. ವಯಸ್ಸು ನಲವತ್ತೈದರ ಹತ್ತಿರ. ತೆಳ್ಳಗಿನ ಮೈ, ಸ್ವಲ್ಪ ಬಾಗಿದ ಬೆನ್ನು, ಕೈಬೆರಳು ಮಾತ್ರ ಉದ್ದ. ಮೊದಲ ದಿನ ಚಪ್ಪಲಿಯನ್ನು ಹೊರಗೆ ಬಿಟ್ಟು ಲ್ಯಾಬಿನ ಒಳಗೆ ಬಂದರು.

“ಚಪ್ಪಲಿ ಹಾಕಿಕೊಂಡೇ ಬನ್ನಿ ಆಚಾರ್ರೇ, ಇಲ್ಲಿ ಕರೆಂಟಿನ ಕೆಲಸ” ಎಂದೆ.

“ಕೆಲಸ ಮಾಡುವ ಜಾಗ ಅಲ್ವಾ ಸರ್” ಎಂದರು. ಅಷ್ಟು ಹೇಳಿ ಹೊರಗೆ ಹೋಗಿ ಹಾಕಿಕೊಂಡು ಬಂದರು. ಆದರೆ ಹೊಸ್ತಿಲು ದಾಟುವಾಗ ಅವರ ಕಾಲು ಹಿಂಜರಿಯುವುದು ಎಷ್ಟೋ ತಿಂಗಳು ಹಾಗೆಯೇ ಇತ್ತು.

ಕಾರ್ಕಳದಲ್ಲಿ ಅವರದು ಅಕ್ಕಸಾಲಿಗರ ಮನೆತನ. ಚೀನಾದ ಯುದ್ಧದ ಬೆನ್ನಿಗೆ ಸರಕಾರ ಚಿನ್ನ ನಿಯಂತ್ರಣದ ನಿಯಮ ತಂದಿತು. ಹದಿನಾಲ್ಕು ಕ್ಯಾರೆಟ್‌ಗಿಂತ ಮೇಲಿನ ಚಿನ್ನದಲ್ಲಿ ಒಡವೆ ಮಾಡಬಾರದೆಂದಾಯಿತು. ನಮ್ಮ ಕಡೆಯ ಹೆಂಗಸರು ಆ ಚಿನ್ನವನ್ನು ಕೈಯಲ್ಲಿ ಹಿಡಿದು ನೋಡಿ, ಇದೆಂತ ಹಿತ್ತಾಳೆಯಾ ಎಂದು ಕೆಳಗಿಟ್ಟರು. ಕಲಿತ ಕೆಲಸ ಕೈಯಲ್ಲಿದ್ದೂ ಅಕ್ಕಸಾಲಿಗರು ಊರೂರಲ್ಲಿ ಬರಿದೇ ಕೂತರು. ಆಚಾರ್ರು ಎರಡು ವರ್ಷ ಹೇಗೋ ತಳ್ಳಿ, ಪರಿಚಯದವರೊಬ್ಬರ ಮಾತಿನ ಮೇಲೆ ನಮ್ಮಲ್ಲಿ ಗಂಟೆ ಬಾರಿಸಲು ಬಂದಿದ್ದರು. ಇದೆಲ್ಲ ನನಗೆ ಬೇರೆಯವರಿಂದ ತಿಳಿದದ್ದು, ಅವರು ಹೇಳಿದವರಲ್ಲ. ನಾನು ಕೇಳಿದವನೂ ಅಲ್ಲ.

ಆ ವರ್ಷ ಪ್ರಿನ್ಸಿಪಾಲರು ಬೊಂಬಾಯಿಯಿಂದ ಒಂದು ಕಟ್ಟು ಹೊಸ ಹಲಗೆಗಳನ್ನು ತರಿಸಿದರು. ಕಂದು ಬಣ್ಣದ ಬೇಕಲೈಟ್ ಹಲಗೆ, ಅದರ ಒಂದು ಮೈಗೆ ಕಾಗದದಷ್ಟು ತೆಳ್ಳಗೆ ತಾಮ್ರ ಅಂಟಿಸಿತ್ತು. ಅಲ್ಲಿಯವರೆಗೆ ರೇಡಿಯೋದ ಹೊಟ್ಟೆಯೊಳಗೆಲ್ಲ ತಂತಿಯ ಗೋಜಲು. ಇನ್ನು ಮೇಲೆ ತಂತಿಯ ಬದಲು ತಾಮ್ರದ ಗೆರೆಗಳು. ಬೇಕಾದ ದಾರಿಗಳನ್ನು ತಾಮ್ರದ ಮೇಲೆ ಬಣ್ಣದಲ್ಲಿ ಬರೆಯಬೇಕು, ಹಲಗೆಯನ್ನು ಫೆರಿಕ್ ಕ್ಲೋರೈಡಿನ ದ್ರಾವಣದಲ್ಲಿ ಮುಳುಗಿಸಬೇಕು. ಬಣ್ಣವಿಲ್ಲದ ಕಡೆಯ ತಾಮ್ರ ಕರಗಿಹೋಗುತ್ತದೆ, ಬಣ್ಣದ ಕೆಳಗಿನದು ಉಳಿಯುತ್ತದೆ. ಆಮೇಲೆ ತೂತು ಕೊರೆದು ಬಿಡಿಭಾಗಗಳನ್ನು ಬೆಸೆಯುವುದು. ಪುಸ್ತಕದಲ್ಲಿ ಇದು ಒಂದೂವರೆ ಪುಟ. ಹನ್ನೆರಡು ಮಂದಿ ವಿದ್ಯಾರ್ಥಿಗಳಿಗೆ ಅದನ್ನು ಕೈಯಾರೆ ಮಾಡಿಸಿ ಕಲಿಸುವ ಜವಾಬ್ದಾರಿ ನನಗೆ ಬಂತು.

ಒಂದೂವರೆ ಪುಟವನ್ನು ನಾನು ಬಾಯಿಪಾಠ ಮಾಡಿದ್ದೆ. ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿ, ಸ್ಕೇಲಿಟ್ಟು ನೇರ ಗೆರೆ ಎಳೆದು, ಬಣ್ಣ ಒಣಗಿಸಿ, ಪಿಂಗಾಣಿ ತಟ್ಟೆಯ ದ್ರಾವಣದಲ್ಲಿ ಹಲಗೆ ಬಿಟ್ಟೆ. ಕಾಲು ಗಂಟೆಯಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ತೇಲಿತು. ಅರ್ಧ ಗಂಟೆಗೆ ಹಲಗೆ ಎತ್ತಿದರೆ ಅದರಲ್ಲಿ ತಾಮ್ರವೂ ಇರಲಿಲ್ಲ, ಗೆರೆಯೂ ಇರಲಿಲ್ಲ.

ಹೂಡೆಯಿಂದ ಬರುತ್ತಿದ್ದ ಶೇಖರ ಎಂಬ ಹುಡುಗ, “ಸರ್, ಸರ್ಕ್ಯೂಟು ಸ್ನಾನಕ್ಕೆ ಇಳಿದದ್ದು ಮತ್ತೆ ಮೇಲೆ ಬರ್ಲೇ ಇಲ್ಲ ಮಾರಾಯ್ರೇ” ಎಂದ. ಎಲ್ಲರೂ ನಕ್ಕರು. ನಾನು ದ್ರಾವಣದ ಔಷಧಿಯ ದೋಷ ಎಂದೆ. ಎರಡನೆಯ ದಿನ ಹಲಗೆಯ ದೋಷ ಎಂದೆ. ಮೂರನೆಯ ದಿನ ಯಾರೂ ನಗಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು.

ಅಂದು ಮಧ್ಯಾಹ್ನ ತರಗತಿ ಖಾಲಿಯಾದ ಮೇಲೆ ಆಚಾರ್ರು ಮೇಜು ಒರೆಸುವ ಬಟ್ಟೆ ಹಿಡಿದುಕೊಂಡು ನನ್ನ ಪಕ್ಕ ನಿಂತರು.

“ಒಂದು ಮಾತು ಹೇಳ್ಲಾ ಸರ್? ಬೇಜಾರು ಮಾಡ್ಬಾರ್ದು.”

“ಹೇಳಿ.”

“ಅದು ಔಷಧಿಯದ್ದಲ್ಲ. ಕೈಯ ಜಿಡ್ಡು. ನೀವು ತಾಮ್ರವನ್ನು ಅಂಗೈಯಲ್ಲಿ ಹಿಡ್ಕೊಂಡ್ರಿ, ಮಕ್ಕಳೆಲ್ಲ ಮುಟ್ಟಿ ನೋಡಿದ್ರು. ಜಿಡ್ಡಿನ ಮೇಲೆ ಬಣ್ಣ ಕೂತ್ಕೊಳ್ಳುವುದಿಲ್ಲ. ಚಿನ್ನಕ್ಕಾದ್ರೂ ಹಾಗೆಯೇ.”

“ಹಾಗಾದರೆ ಎಂತ ಮಾಡುವುದು?”

“ನಾಳೆ ಅಂಟುವಾಳ ತರ್ತೇನೆ.”

ಮರುದಿನ ಒಂದು ಪೊಟ್ಟಣದಲ್ಲಿ ಅಂಟುವಾಳದ ಕಾಯಿ, ಇನ್ನೊಂದರಲ್ಲಿ ಜರಡಿ ಹಿಡಿದ ಬೂದಿ ತಂದರು. ಬೂದಿಯಲ್ಲಿ ತಿಕ್ಕಿ, ಅಂಟುವಾಳದ ನೊರೆಯಲ್ಲಿ ತೊಳೆದು, ಹಲಗೆಯನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ತಿರುಗಿಸಿದಾಗ ತಾಮ್ರ ಆಗ ತಾನೇ ಹುಟ್ಟಿದ ಹಾಗಿತ್ತು. ನಂತರ ಅಂಗಿಯ ಕಿಸೆಯಿಂದ ಒಂದು ಸಣ್ಣ ಕುಂಚ ತೆಗೆದರು. ನನ್ನ ನಕ್ಷೆ ನೋಡಿಕೊಂಡು, ಸ್ಕೇಲಿಲ್ಲದೆ, ಕೈ ಎತ್ತದೆ ಗೆರೆ ಎಳೆದರು. ನಾನು ಚೌಕವಾಗಿ ತಿರುಗಿಸಿದ್ದಲ್ಲೆಲ್ಲ ಅವರ ಗೆರೆ ಬಳ್ಳಿಯ ಹಾಗೆ ಬಳುಕಿ ತಿರುಗಿತು.

“ಮೂಲೆ ಬೇಡ ಸರ್” ಎಂದರು. “ಮೂಲೆ ಇದ್ದಲ್ಲಿ ಬಣ್ಣ ಮೊದಲು ಏಳುವುದು.”

ಆ ಹಲಗೆ ದ್ರಾವಣದಿಂದ ಹೊರಬಂದಾಗ ಒಂದು ಗೆರೆಯೂ ಕಡಿದಿರಲಿಲ್ಲ. ವಿದ್ಯಾರ್ಥಿಗಳು ಅದನ್ನು ನೋಡಲು ಒಬ್ಬರ ಮೇಲೊಬ್ಬರು ಬಿದ್ದರು. ಯಾರೋ ಕೈಚಾಚಿದ ಕೂಡಲೇ ಆಚಾರ್ರು, “ಹಾಂ, ಅಂಚಿನಲ್ಲಿ!” ಎಂದರು. ಆ ಕೋಣೆಯಲ್ಲಿ ಅವರು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಅಲ್ಲಿಂದ ಮುಂದೆ ಪಾಠ ಎರಡು ಭಾಗವಾಯಿತು. ಬೆಳಿಗ್ಗೆ ಕರಿಹಲಗೆಯ ಮುಂದೆ ನಾನು, ಮಧ್ಯಾಹ್ನ ಮೇಜಿನ ಸುತ್ತ ಆಚಾರ್ರು. ಅದನ್ನು ಯಾರೂ ಹಾಗೆಂದು ನಿರ್ಣಯಿಸಿದ್ದಲ್ಲ, ಆಗಿಹೋಯಿತು. ಇಂಗ್ಲಿಷ್ ಹೆಸರುಗಳು ಅವರ ನಾಲಗೆಗೆ ಒಗ್ಗಲಿಲ್ಲ. ಬಣ್ಣದ ಪಟ್ಟೆಗಳಿರುವ ರೆಸಿಸ್ಟರನ್ನು ಮಣಿ ಎಂದರು. ಮೂರು ಕಾಲಿನ ಟ್ರಾನ್ಸಿಸ್ಟರನ್ನು, ಕಿವಿಯ ಒಡವೆಯ ಹಾಗೆ ಕಂಡದ್ದರಿಂದ, ಬುಗುಡಿ ಎಂದರು. “ಆ ಕೆಂಪು ಮಣಿಯ ಕಾಲು ಬುಗುಡಿಯ ನಡುಗಾಲಿಗೆ” ಎಂದರೆ ಹನ್ನೆರಡು ಮಂದಿಗೂ ತಿಳಿಯುತ್ತಿತ್ತು. ಪರೀಕ್ಷೆಯಲ್ಲಿ ಒಬ್ಬ ಉತ್ತರಪತ್ರಿಕೆಯಲ್ಲಿಯೇ ಬುಗುಡಿ ಎಂದು ಬರೆದ. ನಾನು ಕೆಂಪು ಗೆರೆ ಎಳೆದೆ, ಅಂಕ ಮಾತ್ರ ಕೊಟ್ಟೆ.

ಬೆಸುಗೆ ಕಲಿಸುವುದರಲ್ಲಿ ಅವರು ಬಹಳ ನಿಷ್ಠುರ. ಮೊದಲ ಮೂರು ವಾರ ಯಾರಿಗೂ ಹಲಗೆ ಮುಟ್ಟಲು ಬಿಡಲಿಲ್ಲ. ತುಂಡು ತಂತಿಗಳನ್ನು ಕೊಟ್ಟು ಬೆಸೆಯಲು ಹೇಳುವುದು, ಬೆಸೆದದ್ದನ್ನು ತಮ್ಮ ಚಿಮುಟದಲ್ಲಿ ಹಿಡಿದು ಎಳೆಯುವುದು. ಬಿಟ್ಟುಬಂದರೆ ಏನೂ ಹೇಳದೆ ಮತ್ತೆ ಕೈಗೆ ಕೊಡುವುದು. ಸೋಲ್ಡರಿಂಗ್ ಐರನ್ನಿನ ತುದಿ ಹಲಗೆಯ ಮೇಲೆ ಎಷ್ಟು ಹೊತ್ತು ಇರಬೇಕು ಎಂದು ಪುಸ್ತಕ ಸೆಕೆಂಡುಗಳಲ್ಲಿ ಹೇಳುತ್ತದೆ. ಆಚಾರ್ರು ಉಸಿರಿನಲ್ಲಿ ಹೇಳುತ್ತಿದ್ದರು. “ಉಸಿರು ತಕ್ಕೊಳ್ಳಿ, ಇಡಿ, ಬಿಡ್ತಾ ಬಿಡ್ತಾ ತೆಗೀರಿ. ಎರಡನೇ ಉಸಿರಿಗೆ ತಾಮ್ರ ಏಳ್ತದೆ.” ಮೇಜಿನ ಸುತ್ತ ಹನ್ನೆರಡು ಮಂದಿ ಒಟ್ಟಿಗೆ ಉಸಿರು ಬಿಡುವ ಸದ್ದು ಪಕ್ಕದ ಕೋಣೆಗೆ ಕೇಳಿ, ಅಲ್ಲಿಯ ಗಣಿತದ ಮೇಷ್ಟ್ರು ಇವರು ಯೋಗಾಸನ ಏನಾದರೂ ಕಲಿಸುತ್ತಿದ್ದಾರೆಯೇ ಎಂದು ಬಾಗಿಲಲ್ಲಿ ಇಣುಕಿದ್ದುಂಟು.

ಎಲ್ಲರಿಗಿಂತ ಹಿಂದೆ ಇದ್ದವನು ಹೂಡೆಯ ಶೇಖರ. ಚಿಕ್ಕಂದಿನಿಂದ ಅಪ್ಪನ ಜೊತೆ ಬಲೆ ಎಳೆದ ಕೈ. ಬೆರಳುಗಳು ದಪ್ಪ, ಅಂಗೈ ಹಗ್ಗದಷ್ಟು ಒರಟು. ಬುಗುಡಿಯ ಕಾಲುಗಳನ್ನು ಹಿಡಿದರೆ ಸಾಕು, ಮುರಿಯುತ್ತಿದ್ದವು. ನಾನು ಒಮ್ಮೆ ಸಿಟ್ಟಿನಲ್ಲಿ, “ಈ ಕೈಗೆ ಈ ಕೆಲಸ ಆಗಲಿಕ್ಕಿಲ್ಲ, ಬೇರೆ ಏನಾದರೂ ನೋಡು” ಎಂದುಬಿಟ್ಟೆ. ಅವನು ತಲೆ ತಗ್ಗಿಸಿದ. ಆಮೇಲೆ ಆಚಾರ್ರು ಅವನ ಅಂಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, “ಬಲೆಯ ಗಂಟು ಹಾಕ್ತಿ ಅಲ್ವಾ ಮಗಾ? ಹರಿದ ಬಲೆ ಹೊಲಿತೀಯಾ?” ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು.

“ಹೊಲಿತೇನೆ.”

“ಎಷ್ಟು ಹೊತ್ತಿಗೆ ಒಂದು ಗಂಟು?”

“ಲೆಕ್ಕ ಇಲ್ಲ. ಕೈ ಹೋಗ್ತಾ ಉಂಟು, ಅಷ್ಟೇ.”

“ಹಾಗಾದ್ರೆ ಕೈಗೆ ಬುದ್ಧಿ ಉಂಟು. ನಿನಗೆ ಹೆದರಿಕೆ ಮಾತ್ರ.”

ಅಂದಿನಿಂದ ಅವನನ್ನು ತಮ್ಮ ಎಡಕ್ಕೆ ಕೂರಿಸಿಕೊಂಡರು.

ಹೀಗೆ ಒಂದು ವರ್ಷದ ಮೇಲಾಯಿತು. ಆಗ ಬೆಂಗಳೂರಿನಿಂದ ತಪಾಸಣಾ ಸಮಿತಿ ಬಂತು. ಮೂವರು ಹಿರಿಯರು, ಕೋಟು ಹಾಕಿದವರು. ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದ ನಮ್ಮ ಹಲಗೆಗಳನ್ನು ಒಬ್ಬರು ಹೊರತೆಗೆಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಇಷ್ಟು ಶುದ್ಧವಾದ ಕೆಲಸವನ್ನು ದೊಡ್ಡ ಕಾಲೇಜುಗಳಲ್ಲಿಯೂ ನೋಡಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಈ ಪ್ರಾಯೋಗಿಕ ತರಗತಿಯನ್ನು ತೆಗೆದುಕೊಳ್ಳುವವರು ಯಾರು ಎಂದು ಕೇಳಿದರು.

ಆಚಾರ್ರು ನಾಲ್ಕು ಮಾರು ದೂರದಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಅಟೆಂಡರ್ ಪಾಠ ಮಾಡುವುದು ನಿಯಮಕ್ಕೆ ವಿರುದ್ಧವೆಂದು ನನಗೂ ಗೊತ್ತಿತ್ತು. ಆದರೆ ಆ ಕ್ಷಣದಲ್ಲಿ ನಾನು ಯೋಚಿಸಿದ್ದು ನಿಯಮವನ್ನಲ್ಲ. ಆ ಹೊಗಳಿಕೆ ಯಾರ ಮೇಲೋ ಹೋಗುವುದು ನನಗೆ ಬೇಡವಾಗಿತ್ತು. ನಾನು ಎದೆಯ ಮೇಲೆ ಕೈಯಿಟ್ಟು, ನಾನೇ ಎಂದೆ.

ಆಚಾರ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎದೆಯ ಮೇಲಿನ ಕೈಯನ್ನು ಓದಲು ಇಂಗ್ಲಿಷ್ ಬೇಕಾಗಿಯೂ ಇರಲಿಲ್ಲ. ಅವರು ಸಮಿತಿಯವರಿಗೆ ಚಹಾ ಕೊಟ್ಟರು, ನನಗೂ ಕೊಟ್ಟರು.

ಮರುದಿನ ಮಧ್ಯಾಹ್ನ ಅವರು ಮೇಜಿಗೆ ಬರಲಿಲ್ಲ. ಬಾಗಿಲ ಹೊರಗಿನ ಸ್ಟೂಲಿನ ಮೇಲೆ, ಅಟೆಂಡರ್ ಕೂರುವ ಜಾಗದಲ್ಲಿ, ಕೈ ಮಡಚಿ ಕೂತಿದ್ದರು. ಶೇಖರ ಹೋಗಿ ಕರೆದ.

“ಬನ್ನಿ ಆಚಾರ್ರೇ, ನನ್ನದು ಮತ್ತೆ ಎದ್ದುಹೋಯಿತು.”

“ಸರ್ ಇದ್ದಾರಲ್ಲ ಮಗಾ, ಅವರತ್ರ ಕೇಳು. ನಾನು ಬಾಗಿಲು ತೆರೆಯುವವ.”

ಮಾತಿನಲ್ಲಿ ಕೊಂಕು ಇರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಳಿಗ್ಗೆ ಎಂದಿನ ಹಾಗೆ ನಮಸ್ಕಾರ ಸರ್, ಸಂಜೆ ಬರ್ತೇನೆ ಸರ್. ನಡುವೆ ಕಿಟಕಿ, ಹೂಜಿ, ಗಂಟೆ. ಆ ವಾರ ಒಂದು ಹಲಗೆಯೂ ಸರಿಯಾಗಲಿಲ್ಲ. ನಾನು ಉಸಿರಿನ ಲೆಕ್ಕ ಹೇಳಿದೆ, ಅಂಟುವಾಳ ನೆನೆಸಿದೆ. ಎಲ್ಲವನ್ನೂ ಅವರ ಹಾಗೆಯೇ ಮಾಡಿದೆನೆಂದು ನನ್ನ ಎಣಿಕೆ. ವಿದ್ಯಾರ್ಥಿಗಳು ಕೆಲಸ ಕೆಟ್ಟಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಅವರಿಗೂ ಎಲ್ಲ ಗೊತ್ತಾಗಿತ್ತು.

ಶನಿವಾರ ಮಧ್ಯಾಹ್ನ ನಾನು ಕಾರ್ಕಳದ ಬಸ್ಸು ಹತ್ತಿದೆ. ವಿಚಾರಿಸಿಕೊಂಡು ಮನೆ ಹುಡುಕಿದೆ. ಆಚಾರ್ರು ಬಾವಿಕಟ್ಟೆಯ ಬಳಿ ಇದ್ದರು. ನನ್ನನ್ನು ಕಂಡು ಗಾಬರಿಯಿಂದ ಹೆಗಲ ಮೇಲಿನ ಬೈರಾಸು ಬಟ್ಟೆ ಸರಿಮಾಡಿಕೊಂಡು ಬಂದರು. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ಜಗಲಿಯ ಒಂದು ತುದಿಯಲ್ಲಿ ಅಕ್ಕಸಾಲೆಯ ಜಾಗ ಹಾಗೆಯೇ ಇತ್ತು, ಎದುರುಬದುರಾಗಿ ಎರಡು ಮಣೆ, ನಡುವೆ ಅಗ್ಗಿಷ್ಟಿಕೆ. ಅಗ್ಗಿಷ್ಟಿಕೆಯ ಬೂದಿಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

“ಎರಡು ಮಣೆ?” ಎಂದೆ, ಬೇರೆ ಮಾತು ತೋಚದೆ.

“ಒಂದು ನನ್ನ ತಮ್ಮನದ್ದು ಸರ್. ನನಗಿಂತ ನಾಜೂಕು ಕೈ ಅವನದ್ದು. ಈಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದಾನೆ. ಲೋಟ ತೊಳೆಯುವುದು.”

ಅವರ ಹೆಂಡತಿ ಕಂಬಕ್ಕೊರಗಿ ನಿಂತಿದ್ದರು. “ನೀವೇ ಅಲ್ವಾ ಆ ಸರ್?” ಎಂದರು. “ದಿನಾ ಊಟಕ್ಕೆ ಕೂತ್ರೆ ಕಾಲೇಜಿನದ್ದೇ ಮಾತು ಇತ್ತು. ಯಾರು ಎಷ್ಟು ಕಲ್ತ, ಹೂಡೆಯ ಹುಡುಗನ ಬೆಸುಗೆ ಇವತ್ತು ನಿಂತಿತಂತೆ, ಅದು ಇದು. ಈ ವಾರ ಏನಾಯಿತೋ ಗೊತ್ತಿಲ್ಲ, ಊಟ ಮಾಡುವುದು, ಏಳುವುದು.”

“ನೀನು ಒಳಗೆ ಹೋಗು” ಎಂದರು ಆಚಾರ್ರು. ಆಕೆ ಹೋಗಲಿಲ್ಲ.

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ನನಗೆ ಮರೆತುಹೋಗಿತ್ತು. “ಆಚಾರ್ರೇ, ನಾನು ಸುಳ್ಳು ಹೇಳಿದೆ” ಎಂದೆ. “ನಿಮ್ಮ ಕೆಲಸವನ್ನು ನನ್ನದೆಂದೆ.”

ಅವರು ಕೋಳಿಯ ಕಡೆ ನೋಡುತ್ತಲೇ ಹೇಳಿದರು: “ನನಗೆ ಹೆಸರು ಬೇಡ ಸರ್. ಮಾಡಿದ ಒಡವೆಯ ಮೇಲೆ ನಾವು ಯಾವತ್ತೂ ಹೆಸರು ಹಾಕಿದವರಲ್ಲ. ಆದ್ರೆ ಒಂದು ಉಂಟು. ಚಿನ್ನದ ಕೆಲಸ ಬಿಡಿ ಅಂತ ಹೇಳಿದ್ದು ಸರಕಾರ. ನನ್ನ ಮುಖ ನೋಡಿದವರಲ್ಲ, ಕೈ ನೋಡಿದವರಲ್ಲ. ನೀವು ಒಂದು ವರ್ಷ ನೋಡಿದ್ರಿ.”

ಅವರ ಹೆಂಡತಿ ಖಾಲಿ ಲೋಟ ತೆಗೆದುಕೊಂಡು ಈಗ ಒಳಗೆ ಹೋದರು.

ಸೋಮವಾರ ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈಗ ಸಮಿತಿಗೆ ಎಂತ ಬರೆಯುವುದು? ನಮ್ಮ ಲೆಕ್ಚರರ್ ಸುಳ್ಳು ಹೇಳಿದ್ದಾನೆ ಅಂತಲಾ?”

“ಹೌದು ಸರ್. ಬೇಕಾದರೆ ನಾನೇ ಬರೆದುಕೊಡ್ತೇನೆ.”

“ನಿನ್ನ ಕೆಲಸ ಹೋದೀತು ಮಾರಾಯ.”

“ಹೋದರೆ ಹೋಗಲಿ” ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ. ಮತ್ತೆ ಮಧ್ಯಾಹ್ನ ಲ್ಯಾಬಿಗೆ ಹೋಗಿ ನಿಲ್ಲುವುದಕ್ಕಿಂತ ಅದು ವಾಸಿ ಎನ್ನಿಸಿತ್ತು, ಅಷ್ಟೇ.

ಪ್ರಿನ್ಸಿಪಾಲರು ಗದರಿದರು, ಎರಡು ದಿನ ನನ್ನೊಡನೆ ಮಾತು ಬಿಟ್ಟರು, ಮೂರನೆಯ ದಿನ ನನ್ನ ಕಾಗದಕ್ಕೆ ತಮ್ಮದೂ ಒಂದು ಕಾಗದ ಸೇರಿಸಿ ಕಳಿಸಿದರು. ತಿಂಗಳೊಳಗೆ ಉತ್ತರ ಬಂತು. ನನಗೆ ಒಂದು ಎಚ್ಚರಿಕೆಯ ಪತ್ರ. ಆಚಾರ್ರನ್ನು ಹೊರಗಿನ ಪರೀಕ್ಷಕರೊಬ್ಬರು ಪರೀಕ್ಷಿಸಬೇಕು, ತೃಪ್ತಿಯಾದರೆ ತರಬೇತುದಾರರ ಹುದ್ದೆ ಕೊಡಬಹುದು, ಇಲ್ಲದಿದ್ದರೆ ಅವರು ಇನ್ನು ಮೇಲೆ ಲ್ಯಾಬಿನ ಯಾವ ಸಾಮಾನನ್ನೂ ಮುಟ್ಟಕೂಡದು ಎಂದಿತ್ತು.

ಪರೀಕ್ಷಕರಾಗಿ ಬಂದವರು ಕಾಪುವಿನವರು. ಕೊಂಕಣಿ ಮಾತಾಡುವ ಕ್ಯಾಥಲಿಕ್ ಹಿರಿಯರು. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಬಹಳ ವರ್ಷ ಇದ್ದು, ನಿವೃತ್ತರಾಗಿ ಊರಿಗೆ ಬಂದು ನೆಲೆಸಿದ್ದರು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಬಿಳಿ ಮೀಸೆ, ನೆಟ್ಟಗಿನ ನಡಿಗೆ. ಅವರು ಮೇಜಿನ ಮೇಲೆ ಒಂದು ನಕ್ಷೆ ಹರಡಿ, “ಇದನ್ನು ಮಾಡಿ ತೋರಿಸಿ” ಎಂದರು. ಒತ್ತುಗುಂಡಿ ಒತ್ತಿದರೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಸಣ್ಣಗೆ ಕೂಗುವ ಒಂದು ಸಾಧನ, ತಂತಿ ಸಂದೇಶ ಕಲಿಯುವವರಿಗೆ ಬೇಕಾದದ್ದು.

ಆಚಾರ್ರು ನಕ್ಷೆ ನೋಡಿದರು. ಕೈ ಜೋಡಿಸಿದರು. “ನನ್ನ ಕೈ ನೋಡಿ ಎಂತ ಮಾಡ್ತೀರಿ ಸ್ವಾಮಿ? ನನಗೆ ಕೆಲಸ ಬರ್ತದಾ ಇಲ್ವಾ ಅಂತ ಅಲ್ವಲ್ಲ ನೀವು ನೋಡ್ಬೇಕಾದ್ದು. ಕಲಿಸ್ಲಿಕ್ಕೆ ಬರ್ತದಾ ಅಂತ. ಮಕ್ಕಳ ಕೈ ನೋಡಿ.”

ಪ್ರಿನ್ಸಿಪಾಲರು ಅವರ ತೋಳು ಹಿಡಿದು, ಸುಮ್ಮನಿರಿ ಎಂದು ಪಿಸುಗುಟ್ಟಿದರು. ಕ್ಯಾಪ್ಟನ್ ಮಾತ್ರ ಮೀಸೆಯಲ್ಲಿ ನಕ್ಕರು. “ಸರಿ. ಯಾರನ್ನು ಕೊಡ್ತೀರಿ?”

“ನೀವೇ ಆರಿಸಿ.”

ಕ್ಯಾಪ್ಟನ್ ಹಾಜರಿ ಪುಸ್ತಕ ತೆರೆದು, ಕಣ್ಣು ಬೇರೆಡೆಗೆ ತಿರುಗಿಸಿ, ಪುಟದ ಮೇಲೆ ಬೆರಳಿಟ್ಟರು. ಶೇಖರನ ಹೆಸರು.

ಶೇಖರ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತ ಮುಂದೆ ಬಂದ. ಬೆಳಿಗ್ಗೆ ಒಂಬತ್ತೂವರೆಗೆ ಹಲಗೆ ತಿಕ್ಕಲು ತೊಡಗಿದವನು ಗೆರೆ ಬರೆದು, ದ್ರಾವಣದಲ್ಲಿ ಬಿಟ್ಟು, ತೂತು ಕೊರೆದು, ಮಧ್ಯಾಹ್ನದ ಹೊತ್ತಿಗೆ ಬೆಸೆಯಲು ಕೂತ. ಉಳಿದ ಹನ್ನೊಂದು ಮಂದಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಆಚಾರ್ರು ಒಮ್ಮೆಯೂ ಹಲಗೆಯ ಕಡೆ ನೋಡಲಿಲ್ಲ. ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು.

ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಹೆಡ್‌ಫೋನ್ ಸುಮ್ಮನಿತ್ತು. ಶೇಖರ ಮತ್ತೊಮ್ಮೆ ಒತ್ತಿದ. ಕ್ಯಾಪ್ಟನ್ ಕಿವಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಆಚಾರ್ರು ಕಿಟಕಿಯಿಂದ ತಿರುಗದೆಯೇ ನನ್ನ ಕಡೆಗೆ ಒಂದು ಕೈ ಚಾಚಿ ತಡೆದರು.

ಶೇಖರ ಬೆವರು ಒರೆಸಿಕೊಂಡ. ಹಲಗೆಯನ್ನು ಅಂಚಿನಲ್ಲಿ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದ, ಬಲೆ ಹರಿದದ್ದೆಲ್ಲಿ ಎಂದು ಹುಡುಕುವವನ ಹಾಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೊಂದೇ ಬೆಸುಗೆಯ ಮೇಲೆ ಕಣ್ಣು ಹಾಯಿಸಿದ. ಒಂದು ಕಡೆ ನಿಲ್ಲಿಸಿದ. “ಇದು ಮಂಕಾಗಿದೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಚಿಮುಟದಲ್ಲಿ ಎಳೆದ, ಮಣಿಯ ಕಾಲು ಬಿಟ್ಟುಬಂತು. ತಿಕ್ಕಿ, ಉಸಿರು ತೆಗೆದುಕೊಂಡು, ಬೆಸೆದು, ಉಸಿರು ಬಿಟ್ಟ. ಗುಂಡಿ ಒತ್ತಿದ.

ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಸೊಳ್ಳೆಯ ಹಾಗೆ ಸಣ್ಣ ಕೂಗು ಎದ್ದು ಬಂತು. ಗೋಡೆಯ ಬಳಿ ಇದ್ದವರು ಕಿರುಚಿದರು.

ಕ್ಯಾಪ್ಟನ್ ಅದನ್ನು ಕಿವಿಗೇರಿಸಿಕೊಂಡು ಗುಂಡಿಯ ಮೇಲೆ ಏನೋ ಟಕಟಕ ಬಾರಿಸಿದರು. ಅವರ ಮುಖ ಒಂದು ಗಳಿಗೆ ಬೇರೆ ಯಾವುದೋ ಊರಿನಲ್ಲಿತ್ತು. ಆಮೇಲೆ ಪ್ರಿನ್ಸಿಪಾಲರಿಗೆ, “ಮೊದಲ ಸಲವೇ ಕೂಗಿದ್ದರೆ ನಾನು ಇನ್ನೊಬ್ಬನನ್ನು ಕರೀತಿದ್ದೆ” ಎಂದರು. “ಈಗ ಬೇಡ. ತನ್ನ ತಪ್ಪು ತಾನೇ ಹುಡುಕ್ಲಿಕ್ಕೆ ಕಲಿಸಿದ್ದಾರಲ್ಲ, ಮತ್ತೆಂತ ಬೇಕು?”

ಆಚಾರ್ರು ಆಗ ತಿರುಗಿದರು. ಶೇಖರನ ಬಳಿ ಬಂದು ಹಲಗೆ ನೋಡಿ, “ಆ ಎಡಗಡೆಯದ್ದಕ್ಕೆ ಸೀಸ ಜಾಸ್ತಿಯಾಯಿತು ಮಗಾ” ಎಂದರು. ಶೇಖರ ನಗಲಿಕ್ಕೆ ಹೋಗಿ ಅತ್ತುಬಿಟ್ಟ.

ಹುದ್ದೆ ಬಂತು. ಹುದ್ದೆಯ ಜೊತೆ ಒಂದು ಕುರ್ಚಿಯೂ ಬಂತು. ಅವರು ಅದರ ಮೇಲೆ ಕೂತದ್ದನ್ನು ನಾನು ನೋಡಿಲ್ಲ, ವಿದ್ಯಾರ್ಥಿಗಳ ನಕ್ಷೆಗಳನ್ನು ಅದರ ಮೇಲೆ ಇಡುತ್ತಿದ್ದರು. ಅಂದಿನಿಂದ ಬೀರುವಿನಲ್ಲಿಟ್ಟ ಪ್ರತಿ ಹಲಗೆಯ ಕೆಳಗೂ ಮಾಡಿದ ವಿದ್ಯಾರ್ಥಿಯ ಹೆಸರು ಬರೆದು ಅಂಟಿಸಿದೆವು. ಅದು ಅವರದೇ ಸಲಹೆ.

ಎಲ್ಲ ಹಳಿಗೆ ಬಂತು ಎನ್ನುವಾಗ, ಚಿನ್ನದ ನಿಯಮ ಸಡಿಲವಾಯಿತು. ಅಕ್ಕಸಾಲಿಗರು ಮೊದಲಿನ ಹಾಗೆ ಒಡವೆ ಮಾಡಬಹುದೆಂದಾಯಿತು. ಒಂದು ಬೆಳಿಗ್ಗೆ ಆಚಾರ್ರು ನನ್ನ ಮುಂದೆ ಒಂದು ಕಾಗದ ಇಟ್ಟರು. ರಾಜೀನಾಮೆ.

ನನಗೆ ನಿಜವಾಗಿ ಸಿಟ್ಟು ಬಂತು. “ಇಷ್ಟೆಲ್ಲ ಆಗಿ ಈಗ ಹೊರಟಿರಾ? ಇಲ್ಲಿ ಎಂತ ಕಡಿಮೆಯಾಯಿತು ನಿಮಗೆ?”

“ಏನೂ ಕಡಿಮೆಯಾಗಲಿಲ್ಲ ಸರ್. ಬೊಂಬಾಯಿಯಲ್ಲಿ ಇರುವ ತಮ್ಮನನ್ನು ಕರೀಬೇಕಲ್ಲ. ಖಾಲಿ ಜಗಲಿಗೆ ಬಾ ಅಂದ್ರೆ ಅವ ಬರ್ಲಿಕ್ಕಿಲ್ಲ. ನಾನು ಕೂತಿದ್ದೇನೆ, ನಿನ್ನ ಮಣೆ ಖಾಲಿ ಉಂಟು ಅಂತ ಬರೆದ್ರೆ ಬಂದಾನು. ಕೈ ಇನ್ನೂ ಹಾಳಾಗ್ಲಿಲ್ಲ ಅಂತ ಕಾಣ್ತದೆ.”

ಒಂದು ತಿಂಗಳು ನಿಲ್ಲುತ್ತೇನೆ ಎಂದರು. ಆ ತಿಂಗಳು ದಿನವೂ ತರಗತಿ ಮುಗಿದ ಮೇಲೆ ನನ್ನನ್ನು ಮೇಜಿನ ಮುಂದೆ ಕೂರಿಸಿದರು. “ನಾನೇ ಕಲಿಸುವುದು ಅಂತ ಹೇಳಿದ್ದೀರಲ್ಲ ಸರ್, ಅದನ್ನು ನಿಜ ಮಾಡುವಾ” ಎಂದರು. ಕಣ್ಣಿನಲ್ಲಿ ನಗು ಇತ್ತು. ಕಾರ್ಕಳದ ಜಗಲಿಯ ಮಾತಿನ ನಂತರ ಆ ವಿಷಯವನ್ನು ಅವರು ಬಾಯಿಬಿಟ್ಟು ಆಡಿದ್ದು ಅದೊಂದೇ ಸಲ. ತುಂಡು ತಂತಿಗಳಿಂದಲೇ ಶುರು. ನನ್ನ ಬೆಸುಗೆಯನ್ನು ಚಿಮುಟದಲ್ಲಿ ಎಳೆಯುವುದು, ಬಿಟ್ಟುಬಂದರೆ ಮಾತಿಲ್ಲದೆ ಮರಳಿ ಕೊಡುವುದು. ನನ್ನ ಪದವಿಗೆ ಒಂದು ಚೂರೂ ರಿಯಾಯಿತಿ ಇರಲಿಲ್ಲ. ನಾಲ್ಕನೆಯ ವಾರದ ಕೊನೆಗೆ ನಾನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡಿದ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಅಡ್ಡಿಯಿಲ್ಲ” ಎಂದರು. ನನ್ನ ಬಾಳಿನಲ್ಲಿ ನನಗೆ ಸಿಕ್ಕಿದ ಸರ್ಟಿಫಿಕೇಟುಗಳಲ್ಲಿ ಅದನ್ನು ಎಲ್ಲಿಡಬೇಕೆಂದು ನನಗೆ ಗೊತ್ತುಂಟು.

ಅವರು ಹೋದ ಮೇಲೆ ನಾನೇ ಕಲಿಸಿದ್ದು ನಿಜ. ಆದರೂ ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ಎಲ್ಲ ಬಂದಂತಲ್ಲವಲ್ಲ. ಮುಂದಿನ ಮಳೆಗಾಲದಲ್ಲಿ, ಹೊಸ ತಂಡದವರ ಹಲಗೆಗಳಲ್ಲಿ ತೂತಿನ ಸುತ್ತ ತಾಮ್ರ ಬಿರುಕು ಬಿಡತೊಡಗಿತು. ನನಗೆ ಕಾರಣ ಹೊಳೆಯಲಿಲ್ಲ. ಒಂದು ಶನಿವಾರ ಮೂರು ಹಲಗೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಕಾರ್ಕಳಕ್ಕೆ ಹೋದೆ.

ಜಗಲಿಯಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಎರಡು ಮಣೆಗಳಲ್ಲಿ ಅಣ್ಣ ತಮ್ಮ ಎದುರುಬದುರು ಕೂತಿದ್ದರು. ತಮ್ಮನ ಬೆರಳುಗಳ ಚರ್ಮ ಇನ್ನೂ ನೀರಿನಲ್ಲಿ ನೆನೆದವರ ಹಾಗೆ ಬಿಳಿಚಿಕೊಂಡಿತ್ತು, ಆದರೆ ಊದುಕೊಳವೆ ಹಿಡಿದ ಹಿಡಿತ ಗಟ್ಟಿಯಾಗಿತ್ತು. ಮುಂದಿನ ಬೆಂಚಿನಲ್ಲಿ ಒಬ್ಬರು ಹಿರಿಯರು ಕಾಯುತ್ತಿದ್ದರು. ಮರುವಾರ ಅವರ ಮಗಳ ಮದುವೆ. ಆಚಾರ್ರ ಕೈಯಲ್ಲಿದ್ದದ್ದು ಆ ಹುಡುಗಿಯ ಸರ.

ನಾನು ಹಿಂಜರಿದೆ. “ನೀವು ಮುಗಿಸಿ ಆಚಾರ್ರೇ, ನಾನು ಕೂತಿರ್ತೇನೆ.”

ಅವರು ಆಗಲೇ ಸರವನ್ನು ಬಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡು, ನನ್ನ ಹಲಗೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಎತ್ತಿದ್ದರು. ಮದುಮಗಳ ತಂದೆ ಗೊಣಗಿದರು: “ಎಂತ ಆಚಾರ್ರೇ ಇದು, ನನ್ನದು ಬಿಟ್ಟು ಆ ಹಲಗೆಯ ತುಂಡು?”

“ಸ್ವಲ್ಪ ಕೂತ್ಕೊಳ್ಳಿ” ಎಂದರು ಆಚಾರ್ರು, ಹಲಗೆಯಿಂದ ಕಣ್ಣು ತೆಗೆಯದೆ. “ಇವರು ಮಣಿಪಾಲದಿಂದ ಬಂದದ್ದು. ನಮ್ಮ ಮಕ್ಕಳಿಗೆ ಎಂತದೋ ತೊಂದರೆ ಆಗಿದೆಯಂತೆ.”

ಹೊಸ ತಂಡದ ಆ ಮಕ್ಕಳಲ್ಲಿ ಒಬ್ಬರನ್ನೂ ಅವರು ಕಂಡಿರಲಿಲ್ಲ. ಎದುರಿಗಿದ್ದ ಅವರ ತಮ್ಮ ಮಣೆಯನ್ನು ಒಂದು ಗೇಣು ಸರಿಸಿ, ನನಗೆ ಕೂರಲು ಜಾಗ ಮಾಡಿಕೊಟ್ಟರು.